ಆರ್ಡುಯಿನೊ ಫಲಕದ ಗಳಿಗೆ ಬಟ್ಟಲು

ಹಿಂದಿನ ಕಾಲದಲ್ಲಿ ನಮ್ಮ ದೇಶದಲ್ಲಿ ವೇಳೆಯನ್ನು ಅಳೆಯಲು ಗಳಿಗೆ ಬಟ್ಟಲನ್ನು ಬಳಸುತ್ತಿದ್ದರು. ತಳದಲ್ಲಿ ಸಣ್ಣ ರಂಧ್ರವುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ, ಅದು ತುಂಬಿ ಮುಳುಗುವ ವೇಳೆಗೆ ಒಂದು ಗಳಿಗೆ, ಎಂದರೆ 24 ನಿಮಿಷ, ಕಳೆಯುತ್ತಿತ್ತು. ಕೂಡಲೇ ಕಾವಲಿನವನು ಜಾಗಟೆಯನ್ನು ಬಾರಿಸಿ, ಬಟ್ಟಲನ್ನು ಬರಿದುಮಾಡಿ ಮತ್ತೆ ತೇಲಬಿಡುತ್ತಿದ್ದನು. ಊರಿನ ಉಳಿದ ಕೆಲಸಗಳು ಅವುಗಳ ಪಾಡಿಗೆ ಸಾಗುತ್ತಿದ್ದವು. ಇಂದು ವಿದ್ಯಾರ್ಥಿಗಳ ಕೈಗೆ ಬಂದಿರುವ ಆರ್ಡುಯಿನೊ ಉನೊ ಎಂಬ ಅಂಗೈಯಗಲದ ಫಲಕದಲ್ಲಿಯೂ ಇಂಥದೇ ಏರ್ಪಾಡೊಂದುಂಟು. ಅದರ ಹೆಸರು ಟೈಮರ್.

ಆರ್ಡುಯಿನೊ ಫಲಕವು ಇಟಲಿಯ ಇವ್ರಿಯಾ ಪಟ್ಟಣದಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗಾಗಿ ರೂಪುಗೊಂಡಿತು. ಇದನ್ನು ಹೊಸದಾಗಿ ಕಲಿಯುವವರು ಕಾಲವನ್ನು ಅಳೆಯಲು ಮೊದಲು ಹಿಡಿಯುವ ದಾರಿ ‘ಡಿಲೇ’ ಎಂಬ ಆಜ್ಞೆ. ‘ಒಂದು ಸೆಕೆಂಡು ನಿಲ್ಲು’ ಎಂದರೆ ಮುಖ್ಯ ಪ್ರೋಗ್ರಾಮು ಬೇರಾವ ಕೆಲಸವನ್ನೂ ಮಾಡದೆ ನಿಲ್ಲುತ್ತದೆ. ಅನಂತರ ಉಷ್ಣತೆಯನ್ನು ಓದಿ ಬರೆಯಲು 5 ಮಿಲಿಸೆಕೆಂಡು ಹಿಡಿಯಿತೆನ್ನೋಣ. ಆಗ ಒಂದು ಸುತ್ತಿಗೆ 1005 ಮಿಲಿಸೆಕೆಂಡು ಆಯಿತು. 3600 ಸುತ್ತುಗಳು ಮುಗಿಯುವಾಗ ನಮ್ಮ ‘ಒಂದು ಗಂಟೆ’ 18 ಸೆಕೆಂಡು ತಡವಾಗಿರುತ್ತದೆ.

ಟೈಮರಿನಲ್ಲಿ ಈ ದೋಷವಿಲ್ಲ. ಅದು ಪ್ರೋಗ್ರಾಮಿನ ಹಂಗಿಲ್ಲದೆ ತಾನೇ ಎಣಿಸುತ್ತ ಹೋಗುವ ಮಂಡಲ. ಉನೊ ಫಲಕದ ಎಟಿಮೆಗಾ 328ಪಿ ಚಿಪ್ಪಿನಲ್ಲಿ ಮೂರು ಟೈಮರುಗಳಿವೆ. 0 ಮತ್ತು 2ನೆಯವು 255ರವರೆಗೆ ಎಣಿಸಬಲ್ಲವು; 1ನೆಯದು 65,535ರವರೆಗೆ. ‘ಡಿಲೇ’ ಆಜ್ಞೆಗೆ 0ನೆಯದೇ ಆಧಾರವಾದುದರಿಂದ ಅದನ್ನು ಕದಲಿಸದೆ, 1ನೆಯದನ್ನು ಆರಿಸಿಕೊಳ್ಳೋಣ.

ಚಿಪ್ಪಿನ ಮಿಡಿತ ಸೆಕೆಂಡಿಗೆ 1,60,00,000. ಒಂದೊಂದು ಮಿಡಿತವನ್ನೂ ಎಣಿಸಿದರೆ ನಮ್ಮ ಬಟ್ಟಲು ಸುಮಾರು 4 ಮಿಲಿಸೆಕೆಂಡಿನಲ್ಲೇ ತುಂಬಿಬಿಡುತ್ತದೆ. ಆದುದರಿಂದ 1024 ಮಿಡಿತಗಳಿಗೆ ಒಂದು ಎಣಿಕೆ ಎಂದು ಗೊತ್ತುಮಾಡುತ್ತೇವೆ. ಆಗ ಒಂದು ಎಣಿಕೆಗೆ 64 ಮೈಕ್ರೊಸೆಕೆಂಡು; ಒಂದು ಸೆಕೆಂಡಿಗೆ ಸರಿಯಾಗಿ 15,625 ಎಣಿಕೆ. ಎಣಿಕೆ ಸೊನ್ನೆಯಿಂದ ಮೊದಲಾಗುವುದರಿಂದ ಹೋಲಿಕೆಯ ರಿಜಿಸ್ಟರಿನಲ್ಲಿ 15,624 ಎಂದು ಬರೆಯಬೇಕು. ಮರೆತು 15,625 ಎಂದು ಬರೆದರೆ ದಿನಕ್ಕೆ ಐದೂವರೆ ಸೆಕೆಂಡು ತಡವಾಗುತ್ತದೆ! ಎಣಿಕೆ ಆ ಸಂಖ್ಯೆಯನ್ನು ಮುಟ್ಟಿದಾಗ ಟೈಮರು ಮತ್ತೆ ಸೊನ್ನೆಗೆ ಬರುತ್ತದೆ. ಜೊತೆಗೆ ‘ಇಂಟರಪ್ಟ್’ ಎಂಬ ಜಾಗಟೆ ಮೊಳಗುತ್ತದೆ. ಪ್ರೋಗ್ರಾಮು ಕೈಯಲ್ಲಿದ್ದ ಕೆಲಸವನ್ನು ನಿಲ್ಲಿಸಿ, ಗೊತ್ತುಮಾಡಿದ ಚಿಕ್ಕ ಕೆಲಸವನ್ನು ಮುಗಿಸಿ, ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.

ಇದರಿಂದ ಭೌತಶಾಸ್ತ್ರದ ವಿದ್ಯಾರ್ಥಿಗೆ ಏನು ಪ್ರಯೋಜನ? ಸರಳ ಲೋಲಕದ ಪ್ರಯೋಗವನ್ನು ತೆಗೆದುಕೊಳ್ಳಿ. ಲೋಲಕವು ಬೆಳಕಿನ ಕಿರಣವನ್ನು ಕಡಿದಾಗ ಹುಟ್ಟುವ ಸಂಕೇತವನ್ನು ಫಲಕದ 8ನೆಯ ಪಿನ್ನಿಗೆ ಕೊಟ್ಟರೆ, ಆ ಕ್ಷಣದ ಎಣಿಕೆಯನ್ನು 1ನೆಯ ಟೈಮರು ತಾನೇ ಬರೆದಿಡಬಲ್ಲದು. ಇಲ್ಲಿ ಮಾತ್ರ ಎಣಿಕೆಯನ್ನು 65,535ರವರೆಗೂ ಓಡಲು ಬಿಡಬೇಕು. ಒಂದು ಪೂರ್ಣ ಆಂದೋಲನದಲ್ಲಿ ಕಿರಣ ಎರಡು ಸಲ ಕಡಿಯುವುದರಿಂದ, ಒಂದು ಬಿಟ್ಟು ಒಂದು ಎಣಿಕೆಗಳ ಅಂತರವೇ ಆಂದೋಲನದ ಅವಧಿ. ಕೈಗಡಿಯಾರದ ಗುಂಡಿಯನ್ನು ಒತ್ತುವ ಬೆರಳಿನ ತಡ ಇಲ್ಲಿಲ್ಲ.

ಆದರೂ ಒಂದು ಎಚ್ಚರಿಕೆ ಅಗತ್ಯ. ಉನೊ ಫಲಕದಲ್ಲಿ ಈ ಚಿಪ್ಪಿಗೆ ಮಿಡಿತ ಕೊಡುವುದು ಸ್ಫಟಿಕವಲ್ಲ, ಸೆರಾಮಿಕ್ ರೆಸೊನೇಟರು. ಅದರ ಮಿಡಿತ ಶೇಕಡ ಅರ್ಧದಷ್ಟು ತಪ್ಪಬಹುದು. ಎಂದರೆ ದಿನಕ್ಕೆ 432 ಸೆಕೆಂಡು. ಗುರುತ್ವದ ವೇಗೋತ್ಕರ್ಷವನ್ನು ಲೆಕ್ಕಹಾಕುವಾಗ ಅವಧಿಯ ವರ್ಗವನ್ನು ಬಳಸುವುದರಿಂದ ತಪ್ಪು ಇಮ್ಮಡಿಸಿ ಶೇಕಡ 1 ಆಗುತ್ತದೆ, 9.8 ಬರಬೇಕಾದಲ್ಲಿ 9.7 ಅಥವಾ 9.9 ಬರಬಹುದು. ನೂರು ಆಂದೋಲನಗಳ ಸರಾಸರಿ ತೆಗೆದರೂ ಈ ತಪ್ಪು ತೊಲಗದು. ಏಕೆಂದರೆ ನೂರರಲ್ಲಿಯೂ ಅದು ಒಂದೇ ದಿಕ್ಕಿನಲ್ಲಿರುತ್ತದೆ.

ಆದುದರಿಂದ ಪ್ರಯೋಗಕ್ಕೆ ಮೊದಲು ಫಲಕವನ್ನು ಒಂದು ದಿನ ಒಳ್ಳೆಯ ಗಡಿಯಾರದ ಪಕ್ಕದಲ್ಲಿರಿಸಿ, ಅದರ ಸೆಕೆಂಡುಗಳನ್ನು ತಾಳೆ ನೋಡಿ. ಬಂದ ಅಂತರದಿಂದ ನಿಮ್ಮ ಎಣಿಕೆಯನ್ನು ತಿದ್ದಿಕೊಳ್ಳಿ. ಬಟ್ಟಲಿನ ರಂಧ್ರವು ಕೊಂಚ ದೊಡ್ಡದಾಗಿದ್ದರೆ, ಕಾವಲಿನವನು ಎಷ್ಟು ಎಚ್ಚರವಾಗಿದ್ದರೂ ಗಳಿಗೆ ಸರಿಯಾಗುತ್ತಿರಲಿಲ್ಲ.