ಅಂಗಹೀನ ಸೈನಿಕರ ಪುನಶ್ಚೇತನ

ಯುದ್ಧದಲ್ಲಿ ಅಥವಾ ಸೇವಾವಧಿಯಲ್ಲಿ ಕೈ ಇಲ್ಲವೆ ಕಾಲನ್ನು ಕಳೆದುಕೊಂಡ ಸೈನಿಕರಿಗೆ ಕೃತಕ ಅಂಗವನ್ನು ಜೋಡಿಸಿ, ಅವರನ್ನು ಚಲನೆಗೆ, ಉದ್ಯೋಗಕ್ಕೆ ಮತ್ತು ಸಾಮಾಜಿಕ ಜೀವನಕ್ಕೆ ಮರಳಿ ಅಣಿಗೊಳಿಸುವ ಚಿಕಿತ್ಸಾಕ್ರಮವನ್ನು ಅಂಗಹೀನ ಸೈನಿಕರ ಪುನಶ್ಚೇತನ ಎನ್ನುತ್ತಾರೆ. ಇಂತಹ ಅಂಗನಷ್ಟಕ್ಕೆ ನೆಲಬಾಂಬ್ ಒಂದು ಪ್ರಮುಖ ಕಾರಣ.

ಹಂತಗಳು

ಶಸ್ತ್ರಚಿಕಿತ್ಸೆಯ ಗಾಯ ಮಾಗಿದ ಬಳಿಕ ಉಳಿದ ಮೋಟುಭಾಗಕ್ಕೆ ಬಿಗಿಯಾದ ಪಟ್ಟಿ ಸುತ್ತಿ ಊತವನ್ನು ಇಳಿಸಲಾಗುತ್ತದೆ. ಅನಂತರ ಅದರ ಅಳತೆಗೆ ತಕ್ಕ ಸಾಕೆಟ್ ತಯಾರಾಗುತ್ತದೆ. ದೇಹದ ಭಾರವನ್ನು ಕೃತಕ ಕಾಲಿಗೆ ದಾಟಿಸುವುದು ಈ ಸಾಕೆಟ್. ಅದು ಸರಿಹೊಂದದಿದ್ದರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಮೊದಲ ತಿಂಗಳುಗಳಲ್ಲಿ ಮೋಟುಭಾಗವು ಕುಗ್ಗುತ್ತಾ ಹೋಗುವುದರಿಂದ ಸಾಕೆಟ್ಟನ್ನು ಬದಲಿಸಬೇಕಾಗುತ್ತದೆ. ರೋಗಿಯು ಮೊದಲು ಸಮಾನಾಂತರ ಸರಳುಗಳ ನಡುವೆ, ಬಳಿಕ ಊರುಗೋಲಿನೊಂದಿಗೆ, ಕೊನೆಗೆ ಮೆಟ್ಟಿಲು ಮತ್ತು ಇಳಿಜಾರುಗಳಲ್ಲಿ ನಡೆಯಲು ಕಲಿಯುತ್ತಾನೆ. ಮೊಣಕಾಲು ಉಳಿದಿದ್ದರೆ ನಡಿಗೆ ಸುಲಭ; ಅದರ ಮೇಲ್ಭಾಗದಲ್ಲಿ ಛೇದನವಾಗಿದ್ದರೆ ಹೆಚ್ಚು ಶಕ್ತಿ ವ್ಯಯವಾಗುತ್ತದೆ.

ಭ್ರಮಾಂಗ ನೋವು

ಇಲ್ಲದ ಅಂಗವು ಇದ್ದಂತೆ ಭಾಸವಾಗಿ, ಅದರಲ್ಲಿ ನೋವು ಕಾಣಿಸಿಕೊಳ್ಳುವುದುಂಟು. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳಲ್ಲಿ ಇದನ್ನು ಗಮನಿಸಿದ ವೈದ್ಯ ಸೈಲಾಸ್ ವಿಯರ್ ಮಿಚೆಲ್ ೧೮೭೧ರಲ್ಲಿ ಇದಕ್ಕೆ ಹೆಸರಿತ್ತರು. ಉಳಿದಿರುವ ಅಂಗದ ಪ್ರತಿಬಿಂಬವನ್ನು ಕನ್ನಡಿಯಲ್ಲಿ ತೋರಿಸಿ ನೋವನ್ನು ತಗ್ಗಿಸುವ ವಿಧಾನವನ್ನು ೧೯೯೦ರ ದಶಕದಲ್ಲಿ ವಿ. ಎಸ್. ರಾಮಚಂದ್ರನ್ ರೂಪಿಸಿದರು.

ಭಾರತದಲ್ಲಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೪ರಲ್ಲಿ, ಪುಣೆಯಲ್ಲಿ ಸೇನೆಯ ಕೃತಕ ಅಂಗ ಕೇಂದ್ರವು ಸ್ಥಾಪನೆಯಾಯಿತು. ಇಲ್ಲಿ ಸೈನಿಕರಲ್ಲದೆ ನಾಗರಿಕರಿಗೂ ಸೇವೆ ದೊರೆಯುತ್ತದೆ.

ಗೂರ್ಖಾ ರೈಫಲ್ಸ್‌ನ ಅಧಿಕಾರಿ ಇಯಾನ್ ಕಾರ್ಡೋಜೊ ೧೯೭೧ರ ಯುದ್ಧದಲ್ಲಿ ನೆಲಬಾಂಬ್ ಸ್ಫೋಟಕ್ಕೆ ಸಿಲುಕಿದರು. ಛಿದ್ರವಾದ ಕಾಲನ್ನು ತಮ್ಮದೇ ಕುಕ್ರಿಯಿಂದ ಕತ್ತರಿಸಿಕೊಂಡರು. ಕೃತಕ ಕಾಲಿನೊಂದಿಗೆ ದೈಹಿಕ ಸಾಮರ್ಥ್ಯವನ್ನು ಸಾಬೀತುಪಡಿಸಿದ ಅವರು ಪದಾತಿದಳದ ಬೆಟಾಲಿಯನ್ ಒಂದನ್ನು, ಮುಂದೆ ಬ್ರಿಗೇಡ್ ಒಂದನ್ನು ಮುನ್ನಡೆಸಿದರು. ಅಂಗವಿಕಲ ಅಧಿಕಾರಿಯೊಬ್ಬರಿಗೆ ಭಾರತೀಯ ಸೇನೆಯಲ್ಲಿ ಇಂತಹ ಹೊಣೆ ದೊರೆತದ್ದು ಅದೇ ಮೊದಲು. ಕಾರ್ಗಿಲ್ ಯುದ್ಧದಲ್ಲಿ ಕಾಲು ಕಳೆದುಕೊಂಡ ಮೇಜರ್ ದೇವೇಂದರ್ ಪಾಲ್ ಸಿಂಗ್ ಮುಂದೆ ಕೃತಕ ಕಾಲಿನಲ್ಲಿ ಮ್ಯಾರಥಾನ್ ಓಟಗಾರರಾದರು.

ಪುನಶ್ಚೇತನದ ಅಳತೆ

ಕೃತಕ ಅಂಗ ಜೋಡಣೆಯೊಂದಿಗೆ ಪುನಶ್ಚೇತನವು ಮುಗಿಯುವುದಿಲ್ಲ. ಅಂಗವನ್ನು ಕಾಲಕಾಲಕ್ಕೆ ದುರಸ್ತಿ ಮಾಡಿಸಬೇಕು, ಬದಲಿಸಬೇಕು. ಖಿನ್ನತೆ, ನಿದ್ರಾಹೀನತೆಗಳಿಗೂ ಚಿಕಿತ್ಸೆ ಬೇಕಾಗುತ್ತದೆ. ಸೈನಿಕನ ಸಾಮರ್ಥ್ಯವನ್ನು ಕಳೆದುಹೋದ ಅಂಗದಿಂದ ಅಳೆಯದೆ, ಅವನು ಮಾಡಬಲ್ಲ ಕೆಲಸದಿಂದ ಅಳೆದು ಹೊಣೆ ವಹಿಸಿದಾಗಲೇ ಈ ಚಿಕಿತ್ಸೆಯು ಪೂರ್ಣಗೊಳ್ಳುತ್ತದೆ.