ಬೈಲುಕುಪ್ಪೆಯ ಭಿಕ್ಷುವಿಗೆ ಎರಡು ಮತ, ಭೂತಾನ್ ಭಿಕ್ಷುವಿಗೆ ಒಂದೂ ಇಲ್ಲ: ಯಾಕೆ ಹೀಗೆ?

ಮೈಸೂರು ಜಿಲ್ಲೆಯ ಬೈಲುಕುಪ್ಪೆಯ ಮಠಗಳಲ್ಲಿರುವ ಟಿಬೆಟಿಯನ್ ಭಿಕ್ಷುಗಳಿಗೆ ಎರಡು ಮತದ ಹಕ್ಕಿದೆ. ಭಾರತದ ಚುನಾವಣೆಯಲ್ಲಿ ಅಲ್ಲ, ಧರ್ಮಶಾಲಾದಲ್ಲಿರುವ ದೇಶಭ್ರಷ್ಟ ಟಿಬೆಟ್ ಸಂಸತ್ತಿಗೆ. ಒಂದು ಮತ ಮೂಲ ಪ್ರಾಂತ್ಯದ ಪ್ರತಿನಿಧಿಗಳಿಗೆ, ಇನ್ನೊಂದು ತಮ್ಮ ಪಂಥದವರಿಗೆ. 45 ಸ್ಥಾನಗಳಲ್ಲಿ 10 ಸ್ಥಾನ ಪಂಥಗಳಿಗೇ ಮೀಸಲು: ಬೌದ್ಧರ ನಾಲ್ಕು ಪಂಥ ಹಾಗೂ ಬೊನ್ ಧರ್ಮಕ್ಕೆ ತಲಾ ಎರಡು. ಸಂಸಾರಸ್ಥರಿಗೆ ಈ ಎರಡನೇ ಮತ ಇಲ್ಲ.

ಹಳೆಯ ಲಾಸಾ ಸರ್ಕಾರದಲ್ಲಿ ಭಿಕ್ಷುಗಳೂ ಅಧಿಕಾರಿಗಳಾಗಿದ್ದರು. ಆ ಪರಂಪರೆಯ ನೆರಳು ಇಲ್ಲಿ ಕಾಣುತ್ತದೆ. 2011ರಲ್ಲಿ ದಲೈ ಲಾಮಾ ಅವರೇ ರಾಜಕೀಯ ಅಧಿಕಾರವನ್ನು ಚುನಾಯಿತ ನಾಯಕತ್ವಕ್ಕೆ ಬಿಟ್ಟುಕೊಟ್ಟರು. ಪಂಥಗಳ ಮೀಸಲು ಮಾತ್ರ ಹಾಗೇ ಉಳಿಯಿತು. ಒಬ್ಬರಿಗೆ ಒಂದೇ ಮತ ಎಂಬ ನಿಯಮಕ್ಕೆ ಒಗ್ಗಿದ ನಮಗೆ ಇದು ವಿಚಿತ್ರವೇ.

ಭೂತಾನ್ ಹಿಡಿದದ್ದು ತದ್ವಿರುದ್ಧ ದಾರಿ. ಧಾರ್ಮಿಕ ಸಂಸ್ಥೆಗಳು, ವ್ಯಕ್ತಿಗಳು ರಾಜಕೀಯಕ್ಕಿಂತ ಮೇಲಿರಬೇಕು ಎನ್ನುತ್ತದೆ ಅಲ್ಲಿನ 2008ರ ಸಂವಿಧಾನ. ಹಾಗಾಗಿ ಭಿಕ್ಷುಗಳು ಮತ ಹಾಕುವಂತಿಲ್ಲ. ಆದರೆ ಅದೇ ಸಂವಿಧಾನದ ಪ್ರಕಾರ ಕೇಂದ್ರ ಭಿಕ್ಷು ಸಂಘಕ್ಕೆ ಸರ್ಕಾರ ಹಣ ಕೊಡಬೇಕು. ಪ್ರಧಾನ ಗುರು ಜೆ ಖೆನ್ಪೊ ಅವರನ್ನು ನೇಮಿಸುವುದು ದೊರೆ. ದೂರ ಇಟ್ಟರು ಎನ್ನುವಷ್ಟು ದೂರವೇನಿಲ್ಲ. ಹಲವು ಜಿಲ್ಲೆಗಳಲ್ಲಿ ಆಡಳಿತ ಕಚೇರಿಯೂ ಮಠವೂ ಇರುವುದು 'ಜೊಂಗ್' ಎಂಬ ಒಂದೇ ಕೋಟೆಯೊಳಗೆ.