ಕುದುರೆ ಮೈಮೇಲೆ ಗಂಟು? ಬ್ಲೇಡ್ ಹಾಕಬೇಡ್ರಿ

ಶಿವಬಸವ ನಗರದಿಂದ ಖಾನಾಪುರದವರೆಗೆ ಕುದುರೆ ಸಾಕಿದವರು ಕೇಳ್ರಿ. ಶರ್ಯತ್ತಿನ ಕುದುರೆ ಇರಲಿ, ಕುರಿಹಿಂಡಿನ ಜೊತೆ ಸಾಮಾನು ಹೊರುವ ತಟ್ಟು ಇರಲಿ, ಮೈ ತಿಕ್ಕುವಾಗ ಕೈಗೆ ಗಂಟು ಸಿಕ್ಕರೆ ಹಾಗೇ ಬಿಡಬೇಡ್ರಿ.

ಕಣ್ಣಿನ ಸುತ್ತ, ಎದೆ, ತೊಡೆಸಂದಿಯಲ್ಲಿ ಕೂದಲು ಉದುರಿ, ಚರ್ಮ ಒರಟಾಗಿ, ನರಹುಲಿಯಂತೆ ಎದ್ದಿದೆಯೇ? ಸಾರ್ಕಾಯ್ಡ್ ಇರಬಹುದು. ಕುದುರೆಗಳಲ್ಲಿ ಅತಿ ಹೆಚ್ಚು ಕಾಣುವ ಚರ್ಮದ ಗಡ್ಡೆ ಇದೇ. ಇದರ ಹಿಂದಿರುವುದು ದನಗಳ ಪ್ಯಾಪಿಲೋಮಾ ವೈರಸ್. ನೊಣಗಳೂ ಅದನ್ನು ದಾಟಿಸುತ್ತವೆ ಎಂಬುದು ತಜ್ಞರ ಅಂದಾಜು. ಈ ಗಡ್ಡೆ ಒಳಾಂಗಗಳಿಗೆ ಹರಡುವುದಿಲ್ಲ. ಆದರೆ ಮನೆಯಲ್ಲೇ ದಾರ ಬಿಗಿದು, ಬ್ಲೇಡಿನಿಂದ ಕೊಯ್ದು ಕೆಣಕಿದರೆ ಮೊದಲಿಗಿಂತ ದೊಡ್ಡದಾಗಿ ಮರಳಬಹುದು. ಆ ನೋವು ಕುದುರೆಗೆ ಕೊಡಬೇಡ್ರಿ.

ಬಿಳಿ ಕುದುರೆಯ ಬಾಲ ಎತ್ತಿ ನೋಡ್ರಿ. ಅಲ್ಲಿ ಗಟ್ಟಿಯಾದ ಕರಿ ಗಂಟು ಇದ್ದರೆ ಸಾಮಾನ್ಯವಾಗಿ ಅದು ಮೆಲನೋಮಾ ಎಂಬ ಗಡ್ಡೆ. 15 ವರ್ಷ ದಾಟಿದ ಬೂದು-ಬಿಳಿ ಕುದುರೆಗಳಲ್ಲಿ ಬಹುಪಾಲಿಗೆ ಬರುತ್ತದೆ. ಗುಲಾಬಿ ಚರ್ಮದ ಕಣ್ಣಂಚಿನಲ್ಲಿ ಮಾಯದ ಹುಣ್ಣು ಕಂಡರೆ ಮಾತ್ರ ಒಂದು ದಿನವೂ ತಡ ಮಾಡಬೇಡ್ರಿ.

ಗಂಟಿನ ಪಕ್ಕ ನಾಣ್ಯ ಹಿಡಿದು ಫೋಟೊ ತೆಗೆದು ಪಶುವೈದ್ಯರಿಗೆ ತೋರಿಸ್ರಿ. ಗಡ್ಡೆ ಯಾವುದೆಂದು ನೋಡಿ, ಸುತ್ತಲಿನ ಒಳ್ಳೆ ಚರ್ಮವನ್ನೂ ಸೇರಿಸಿ ಕತ್ತರಿಸಿ ತೆಗೆಯುತ್ತಾರೆ, ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುತ್ತಾರೆ, ಇಲ್ಲವೇ ಗಡ್ಡೆಯೊಳಗೇ ಸಿಸ್‌ಪ್ಲಾಟಿನ್ ಎಂಬ ಔಷಧ ಚುಚ್ಚುತ್ತಾರೆ. ಆಮೇಲೂ ತಿಂಗಳಿಗೊಮ್ಮೆ ಅದೇ ಜಾಗ ಮುಟ್ಟಿ ನೋಡ್ರಿ.